ರಾತ್ರಿ ಪಾಳಿಯ ‘ಕ್ರಾನ್’: ಕೆಲಸ ಒಪ್ಪಿಸಿದರೆ ಸಾಲದು, ಪರೀಕ್ಷಿಸಲೂ ಬೇಕು

2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ಒಂದು ಸರ್ವರಿನಲ್ಲಿ ಕೊಡಬೇಕಿದ್ದ ಅಳಿಸುವ ಆದೇಶವನ್ನು ಇನ್ನೊಂದರಲ್ಲಿ ಕೊಟ್ಟರು. ತಪ್ಪು ಅರಿವಿಗೆ ಬಂದು ಅದನ್ನು ತಡೆಯುವಷ್ಟರಲ್ಲಿ, ಸುಮಾರು 300 ಗಿಗಾಬೈಟ್ ಗಾತ್ರದ ಡೇಟಾಬೇಸಿನಲ್ಲಿ ಉಳಿದದ್ದು 4.5 ಗಿಗಾಬೈಟ್ ಮಾತ್ರ. ಜಗತ್ತಿನ ನಾನಾ ಕಡೆಯ ತಂತ್ರಾಂಶ ರಚನೆಕಾರರು ತಮ್ಮ ಕೆಲಸವನ್ನು ಇರಿಸುವ ತಾಣವದು.

ಇಂಥ ಆಪತ್ತಿಗೆಂದೇ ದಿನಕ್ಕೊಮ್ಮೆ ಡೇಟಾಬೇಸಿನ ಪ್ರತಿ ತೆಗೆದಿರಿಸುವ ನಿಗದಿತ ಸ್ಕ್ರಿಪ್ಟ್ ಒಂದು ಇತ್ತು. ಆದರೆ ಪ್ರತಿಗಳನ್ನು ಇರಿಸಬೇಕಾದ ಜಾಗವನ್ನು ತೆರೆದು ನೋಡಿದರೆ ಅದು ಖಾಲಿ! ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ 9.6ನೇ ಆವೃತ್ತಿಯದಾಗಿದ್ದರೆ, ಪ್ರತಿ ತೆಗೆಯುವ ಸಾಧನ 9.2ನೇ ಆವೃತ್ತಿಯದು. ಎರಡಕ್ಕೂ ಹೊಂದಾಣಿಕೆಯಾಗದೆ ಸ್ಕ್ರಿಪ್ಟ್ ಪ್ರತಿ ಬಾರಿಯೂ ದೋಷ ವರದಿ ಮಾಡಿ ನಿಂತುಬಿಡುತ್ತಿತ್ತು. ವರದಿ ಇ-ಮೇಲ್ ಮೂಲಕ ಹೊರಡುತ್ತಲೂ ಇತ್ತು. ಆದರೆ ಆ ಇ-ಮೇಲ್‌ಗಳು ‘ಡಿಮಾರ್ಕ್’ ಎಂಬ ದೃಢೀಕರಣ ನಿಯಮಕ್ಕೆ ಒಳಪಟ್ಟಿರಲಿಲ್ಲ. ಹೀಗಾಗಿ ತಲುಪಬೇಕಾದಲ್ಲಿ ಅವು ತಿರಸ್ಕೃತವಾಗುತ್ತಿದ್ದವು. ಕೆಲಸ ಕೆಟ್ಟಿತ್ತು, ಕೆಟ್ಟಿದೆ ಎಂದು ಹೇಳುವ ವ್ಯವಸ್ಥೆಯೂ ಕೆಟ್ಟಿತ್ತು.

ಕೊನೆಗೆ ನೆರವಿಗೆ ಬಂದದ್ದು, ಬೇರೊಂದು ಪ್ರಯೋಗಕ್ಕಾಗಿ ಸುಮಾರು ಆರು ಗಂಟೆ ಮೊದಲು ಎಂಜಿನಿಯರೊಬ್ಬರು ಕೈಯಾರೆ ತೆಗೆದಿದ್ದ ಪ್ರತಿ. ಆ ಆರು ಗಂಟೆಗಳ ಮಾಹಿತಿ ಮಾತ್ರ ಮರಳಲಿಲ್ಲ. ಸುಮಾರು 5,000 ಯೋಜನೆಗಳು, 5,000 ಟಿಪ್ಪಣಿಗಳು ಹಾಗೂ 700 ಹೊಸ ಬಳಕೆದಾರರ ಖಾತೆಗಳಿಗೆ ಇದರ ಬಿಸಿ ತಟ್ಟಿತೆಂದು ಸಂಸ್ಥೆಯೇ ಅಂದಾಜಿಸಿತು. ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಪ್ರಕಟಿಸಿದ್ದು ಆ ಸಂಸ್ಥೆಯ ದೊಡ್ಡತನ. ಈ ಪಾಠ ಉಳಿದವರಿಗೆ ದಕ್ಕಿದ್ದೂ ಅದರಿಂದಲೇ.

ಪೂರ್ಣಾವಧಿ ಎಂಜಿನಿಯರುಗಳ ತಂಡವಿದ್ದ ಕಡೆಯೇ ಹೀಗಾದರೆ, ಒಬ್ಬರೇ ನೋಡಿಕೊಳ್ಳುವ ಸ್ವಂತ ಸರ್ವರುಗಳ ಗತಿಯೇನು? ತಿಂಗಳ ಬಾಡಿಗೆಗೆ ಪಡೆದ ವರ್ಚುವಲ್ ಸರ್ವರ್, ಮನೆಯ ಮೂಲೆಯಲ್ಲಿ ಲಿನಕ್ಸ್ ಹಾಕಿಸಿಕೊಂಡು ಕುಳಿತ ಹಳೆಯ ಗಣಕಯಂತ್ರ, ಅಂಗೈಯಗಲದ ರಾಸ್ಪ್‌ಬೆರಿ ಪೈ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಅವುಗಳಲ್ಲಿ ಸಣ್ಣ ಅಂಗಡಿಯ ಲೆಕ್ಕವಿರುತ್ತದೆ, ಮಕ್ಕಳ ಹತ್ತು ವರ್ಷದ ಛಾಯಾಚಿತ್ರಗಳಿರುತ್ತವೆ, ಸಂಘವೊಂದರ ಜಾಲತಾಣವಿರುತ್ತದೆ. ಅವುಗಳ ಪ್ರತಿ ತೆಗೆಯುವ ಕೆಲಸವನ್ನು ಮಾಲೀಕರು ಮಲಗಿರುವ ಹೊತ್ತಿಗೆ ಯಂತ್ರಕ್ಕೆ ಒಪ್ಪಿಸಿರಲಾಗುತ್ತದೆ. ಒಪ್ಪಿಸುವುದು ಐದು ನಿಮಿಷದ ಕೆಲಸ. ಪರೀಕ್ಷಿಸುವುದಕ್ಕೆ ಒಂದು ಸಂಜೆಯಾದರೂ ಬೇಕು. ಬಹಳಷ್ಟು ಮಂದಿ ಬಿಟ್ಟುಬಿಡುವುದು ಆ ಸಂಜೆಯನ್ನೇ.

ನಿಮಿಷಕ್ಕೊಮ್ಮೆ ಎಚ್ಚರಗೊಳ್ಳುವ ಕಾವಲುಗಾರ

ಯುನಿಕ್ಸ್ ಮತ್ತು ಲಿನಕ್ಸ್ ಲೋಕದಲ್ಲಿ ಈ ರಾತ್ರಿ ಪಾಳಿಯ ನೌಕರನ ಹೆಸರು ‘ಕ್ರಾನ್’. ಕಾಲ ಎಂಬ ಅರ್ಥದ ಗ್ರೀಕ್ ಪದ ‘ಕ್ರೋನೋಸ್’ ಇದರ ಮೂಲ. 1979ರಲ್ಲಿ ಬೆಲ್ ಲ್ಯಾಬ್ಸ್ ಹೊರತಂದ ಯುನಿಕ್ಸ್‌ನ ಏಳನೇ ಆವೃತ್ತಿಯಲ್ಲೇ ಇದು ಇತ್ತು. 1987ರಲ್ಲಿ ಪಾಲ್ ವಿಕ್ಸಿ ಇದನ್ನು ಹೊಸದಾಗಿ ಬರೆದರು. ಇಂದು ಡೆಬಿಯನ್, ಉಬುಂಟು, ರೆಡ್ ಹ್ಯಾಟ್ ಮೊದಲಾದ ಲಿನಕ್ಸ್ ಬಗೆಗಳಲ್ಲಿ ಓಡುತ್ತಿರುವುದು ವಿಕ್ಸಿಯವರ ಕ್ರಾನ್‌ನ ಸಂತತಿಯೇ.

ಇದರ ಕೆಲಸ ಸರಳ. ನಿಮಿಷಕ್ಕೊಮ್ಮೆ ಎಚ್ಚರಗೊಂಡು ‘ಕ್ರಾನ್‌ಟ್ಯಾಬ್’ ಎಂಬ ಪಟ್ಟಿಯನ್ನು ನೋಡುವುದು, ಈ ನಿಮಿಷಕ್ಕೆ ಹೊಂದುವ ಕೆಲಸವಿದ್ದರೆ ಆರಂಭಿಸುವುದು, ಇಲ್ಲವಾದರೆ ಮತ್ತೆ ಮಲಗುವುದು. ಆರಂಭಿಸಿದ ಕೆಲಸ ಸರಿಯಾಗಿ ಮುಗಿಯಿತೇ ಎಂಬ ಚಿಂತೆ ಅದಕ್ಕಿಲ್ಲ. ಮುಂದೆ ಹೇಳುವ ತೊಂದರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಟ್ಟುವುದು ಈ ನಿರ್ಲಿಪ್ತತೆಯಿಂದ.

ಪಟ್ಟಿಯ ಪ್ರತಿ ಸಾಲಿನ ಮೊದಲಿಗೆ ಐದು ಅಂಕಣಗಳು: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರದ ದಿನ. ನಂತರ ಆದೇಶ. ‘30 2 * * *’ ಎಂದರೆ ಪ್ರತಿದಿನ ನಸುಕಿನ ಎರಡೂವರೆಗೆ ಎಂದರ್ಥ. ನಕ್ಷತ್ರ ಚಿಹ್ನೆಯೆಂದರೆ ‘ಯಾವುದಾದರೂ ಸರಿ’. ಭಾನುವಾರಕ್ಕೆ ಸೊನ್ನೆಯನ್ನೂ ಬರೆಯಬಹುದು, ಏಳನ್ನೂ ಬರೆಯಬಹುದು.

ಇಷ್ಟು ಸರಳವಾದ ಸಾಲಿನಲ್ಲೂ ಬಲೆಗಳಿವೆ. ‘0 2 13 * 5’ ಎಂದು ಬರೆದವರು 13ನೇ ತಾರೀಖು ಶುಕ್ರವಾರ ಬಿದ್ದಾಗ ಮಾತ್ರ ಕೆಲಸ ನಡೆಯುತ್ತದೆಂದು ಭಾವಿಸುತ್ತಾರೆ. ಕ್ರಾನ್ ಹಾಗೆ ಓದುವುದಿಲ್ಲ. ತಾರೀಖು, ವಾರ ಎರಡನ್ನೂ ಸೂಚಿಸಿದರೆ ಯಾವುದೊಂದು ಹೊಂದಿದರೂ ಸಾಕು ಎಂಬುದು ಅದರ ನಿಯಮ. ಹಾಗಾಗಿ ಎಲ್ಲ 13ನೇ ತಾರೀಖುಗಳಂದೂ ಎಲ್ಲ ಶುಕ್ರವಾರಗಳಂದೂ ಕೆಲಸ ನಡೆಯುತ್ತದೆ. ನಿಮಿಷದ ಅಂಕಣದಲ್ಲಿ ‘*/7’ ಎಂದರೆ ಏಳು ನಿಮಿಷಕ್ಕೊಮ್ಮೆ ಎಂಬುದೂ ಪೂರ್ಣ ನಿಜವಲ್ಲ. 56ನೇ ನಿಮಿಷದ ನಂತರ ಗಂಟೆ ಹೊರಳಿ ಸೊನ್ನೆಯಿಂದ ಎಣಿಕೆ ಆರಂಭವಾಗುವುದರಿಂದ ಅಲ್ಲಿ ಅಂತರ ನಾಲ್ಕೇ ನಿಮಿಷ. ಇನ್ನು, ಆದೇಶದೊಳಗಿನ ‘%’ ಚಿಹ್ನೆಯನ್ನು ಕ್ರಾನ್ ಹೊಸ ಸಾಲೆಂದು ತಿಳಿಯುತ್ತದೆ. ಕಡತದ ಹೆಸರಿಗೆ ದಿನಾಂಕ ಜೋಡಿಸಲು ಈ ಚಿಹ್ನೆ ಬೇಕೇ ಬೇಕು. ಹಾಗಾಗಿ ಅದರ ಹಿಂದೆ ಒಂದು ಓರೆಗೆರೆ ‘\’ ಹಾಕಬೇಕು, ಇಲ್ಲವೇ ದಿನಾಂಕದ ಕೆಲಸವನ್ನು ಸ್ಕ್ರಿಪ್ಟಿನೊಳಗೇ ಇಟ್ಟುಕೊಳ್ಳಬೇಕು. ಎರಡನೆಯದೇ ಲೇಸು.

ಪಟ್ಟಿ ತಿದ್ದಲು ‘ಕ್ರಾನ್‌ಟ್ಯಾಬ್ -ಇ’, ನೋಡಲು ‘ಕ್ರಾನ್‌ಟ್ಯಾಬ್ -ಎಲ್’. ‘ಕ್ರಾನ್‌ಟ್ಯಾಬ್ -ಆರ್’ ಎಂದರೆ ಪಟ್ಟಿ ಪೂರ್ತಿ ಮಾಯ, ಅದೂ ಒಂದು ಮಾತನ್ನೂ ಕೇಳದೆ. ಇಂಗ್ಲಿಷ್ ಕೀಲಿಮಣೆಯಲ್ಲಿ ‘ಇ’ ಮತ್ತು ‘ಆರ್’ ಅಕ್ಕಪಕ್ಕದಲ್ಲೇ ಇವೆ ಎಂಬುದನ್ನು ವಿನ್ಯಾಸಕಾರರು ಗಮನಿಸಲಿಲ್ಲವೋ ಏನೋ! ಕ್ರಾನ್‌ಟ್ಯಾಬಿನ ಒಂದು ನಕಲನ್ನು ಬೇರೆ ಕಡತವಾಗಿ ಉಳಿಸಿಕೊಳ್ಳುವುದು ಜಾಣತನ.

ಹಗಲು ಓಡಿದ್ದು ರಾತ್ರಿ ಓಡದು

ಸ್ವಂತ ಸರ್ವರ್ ಇಟ್ಟುಕೊಂಡವರಲ್ಲಿ ಅತಿ ಸಾಮಾನ್ಯವಾದ ದೂರು ಇದು: ‘ಕೈಯಿಂದ ಓಡಿಸಿದರೆ ಸ್ಕ್ರಿಪ್ಟ್ ಓಡುತ್ತದೆ, ಕ್ರಾನ್‌ಗೆ ಕೊಟ್ಟರೆ ಓಡುವುದಿಲ್ಲ’. ಸ್ಕ್ರಿಪ್ಟ್ ಅದೇ, ಯಂತ್ರವೂ ಅದೇ. ಬದಲಾದದ್ದು ಪರಿಸರ.

ಬಳಕೆದಾರರು ಸರ್ವರಿಗೆ ಲಾಗಿನ್ ಆದಾಗ ಅವರ ಸುತ್ತ ಒಂದು ಸಿದ್ಧ ಪರಿಸರ ಹೆಣೆದುಕೊಳ್ಳುತ್ತದೆ. ಯಾವ ಆದೇಶ ಯಾವ ಡೈರೆಕ್ಟರಿಯಲ್ಲಿದೆ ಎಂಬುದನ್ನು ತಿಳಿಸುವ ‘ಪಾಥ್’ ಪಟ್ಟಿ, ಭಾಷೆಯ ಆಯ್ಕೆ, ಒಮ್ಮೆ ಗುಪ್ತಪದ ಕೊಟ್ಟು ತೆರೆದ ಎಸ್‌ಎಸ್‌ಎಚ್ ಕೀಲಿಗಳು ಎಲ್ಲವೂ ಅದರಲ್ಲಿ ಸೇರಿವೆ. ಕ್ರಾನ್‌ಗೆ ಇದಾವುದೂ ಸಿಗುವುದಿಲ್ಲ. ಅದರ ‘ಪಾಥ್’ನಲ್ಲಿ ಸಾಮಾನ್ಯವಾಗಿ ಎರಡೇ ಡೈರೆಕ್ಟರಿಗಳಿರುತ್ತವೆ. ಬಳಕೆದಾರರು ತಾವಾಗಿ ಬೇರೆ ಜಾಗದಲ್ಲಿ ಅನುಸ್ಥಾಪಿಸಿಕೊಂಡ ಸಾಧನ ಆ ಎರಡರಲ್ಲಿ ಇರದಿದ್ದರೆ ‘ಅಂಥ ಆದೇಶವಿಲ್ಲ’ ಎಂಬ ಉತ್ತರ ಬರುತ್ತದೆ. ಸ್ಕ್ರಿಪ್ಟಿನಲ್ಲಿ ಪ್ರತಿ ಸಾಧನವನ್ನೂ ಕಡತವನ್ನೂ ಪೂರ್ಣ ವಿಳಾಸದೊಂದಿಗೆ ಬರೆಯುವುದು ಇದಕ್ಕೆ ಪರಿಹಾರ. ‘ಪಾಥ್’ ಪಟ್ಟಿಯನ್ನು ಕ್ರಾನ್‌ಟ್ಯಾಬಿನ ತಲೆಯಲ್ಲೇ ಬರೆದಿಡುವುದು ಇನ್ನೊಂದು ದಾರಿ.

ಶೆಲ್ ಕೂಡ ಬೇರೆ. ಬಳಕೆದಾರರ ಬೆರಳಿಗೆ ಅಭ್ಯಾಸವಾಗಿರುವುದು ‘ಬ್ಯಾಶ್’. ಕ್ರಾನ್‌ಟ್ಯಾಬಿನ ಸಾಲಿನಲ್ಲಿ ಬರೆದ ಆದೇಶವನ್ನು ಓಡಿಸುವುದು ‘ಎಸ್‌ಎಚ್’. ಉಬುಂಟುವಿನಲ್ಲಿ 2006ರಿಂದ ಈ ಹೆಸರಿನ ಹಿಂದಿರುವುದು ‘ಡ್ಯಾಶ್’ ಎಂಬ ಚಿಕ್ಕ ಶೆಲ್. ಬ್ಯಾಶ್‌ನ ಕೆಲವು ಪ್ರಯೋಗಗಳು ಅದಕ್ಕೆ ಅರ್ಥವಾಗವು.

ದೈನಂದಿನ ಕೆಲಸಗಳಿಗೆ ಮೀಸಲಾದ ‘ಕ್ರಾನ್.ಡೈಲಿ’ ಡೈರೆಕ್ಟರಿಯಲ್ಲಿ ಸ್ಕ್ರಿಪ್ಟ್ ಹಾಕಿಡುವವರಿಗೆ ಮತ್ತೊಂದು ವಿಚಿತ್ರ ಎದುರಾಗುತ್ತದೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಕಡತದ ಹೆಸರಿನಲ್ಲಿ ಚುಕ್ಕಿಯಿದ್ದರೆ ಅದು ಓಡುವುದೇ ಇಲ್ಲ. ‘ಬ್ಯಾಕಪ್.ಎಸ್‌ಎಚ್’ ಎಂದು ಶಿಸ್ತಾಗಿ ಹೆಸರಿಟ್ಟವರು ವರ್ಷಗಟ್ಟಲೆ ನಿಶ್ಚಿಂತೆಯಿಂದ ಮಲಗಬಹುದು, ಸ್ಕ್ರಿಪ್ಟ್ ಕೂಡ ಅವರೊಂದಿಗೆ ಮಲಗಿರುತ್ತದೆ. ದೋಷದ ಸಂದೇಶವೂ ಇಲ್ಲ. ಬರೀ ‘ಬ್ಯಾಕಪ್’ ಎಂದರೆ ಓಡುತ್ತದೆ.

ಪರೀಕ್ಷೆಯ ಕ್ರಮ

ಹೀಗಾಗಿ, ಸ್ಕ್ರಿಪ್ಟನ್ನು ಕೈಯಿಂದ ಓಡಿಸಿ ‘ಸರಿಯಿದೆ’ ಎನ್ನುವುದು ಪರೀಕ್ಷೆಯಾಗದು. ಕ್ರಾನ್‌ನ ಬರಿಗೈ ಪರಿಸರದಲ್ಲೇ ಅದನ್ನು ಓಡಿಸಿ ನೋಡಬೇಕು. ‘ಎನ್ವ್ -ಐ’ ಎಂಬ ಆದೇಶ ಪರಿಸರವನ್ನೆಲ್ಲ ಕಳಚಿ ಸ್ಕ್ರಿಪ್ಟನ್ನು ಓಡಿಸುತ್ತದೆ. ಅದಕ್ಕೆ ಕ್ರಾನ್‌ನ ಎರಡು ಡೈರೆಕ್ಟರಿಗಳ ‘ಪಾಥ್’ ಮತ್ತು ‘ಎಸ್‌ಎಚ್’ ಶೆಲ್ ಮಾತ್ರ ಕೊಟ್ಟರೆ ರಾತ್ರಿಯ ಸ್ಥಿತಿ ಹಗಲಿನಲ್ಲೇ ಸಿದ್ಧ. ಅರ್ಧದಷ್ಟು ದೋಷಗಳು ಈ ಹಂತದಲ್ಲೇ ಸಿಕ್ಕಿಬೀಳುತ್ತವೆ.

ಎರಡನೆಯ ಹಂತದಲ್ಲಿ ಕ್ರಾನ್‌ನಿಂದಲೇ ಓಡಿಸಬೇಕು. ರಾತ್ರಿ ಎರಡೂವರೆಯ ತನಕ ಕಾಯುವ ಅಗತ್ಯವಿಲ್ಲ. ಗಡಿಯಾರ ನೋಡಿ ಮೂರು ನಿಮಿಷ ಮುಂದಿನ ಸಮಯವನ್ನು ಕ್ರಾನ್‌ಟ್ಯಾಬಿಗೆ ಕೊಟ್ಟರಾಯಿತು. ಸಾಲಿನ ಕೊನೆಗೆ ‘>>’ ಚಿಹ್ನೆಯ ಮುಂದೆ ಲಾಗ್ ಕಡತವೊಂದರ ವಿಳಾಸ, ಅದರ ಮುಂದೆ ‘2>&1’ ಎಂದು ಬರೆಯಬೇಕು. ಆಗ ಸ್ಕ್ರಿಪ್ಟ್ ಆಡಿದ ಮಾತು ಮತ್ತು ದೋಷದ ಸಂದೇಶ ಎರಡೂ ಆ ಕಡತಕ್ಕೆ ಇಳಿಯುತ್ತವೆ. ಈ ಚಿಹ್ನೆಗಳ ಕ್ರಮ ತಿರುಗಿಸಿದರೆ ದೋಷದ ಸಂದೇಶ ಕಡತಕ್ಕೆ ಬರುವುದಿಲ್ಲ. ಅಂತರ್ಜಾಲದಲ್ಲಿ ನಕಲು ಮಾಡಿಕೊಂಡ ಅನೇಕ ಸಾಲುಗಳಲ್ಲಿ ಔಟ್‌ಪುಟ್ಟನ್ನೆಲ್ಲ ‘ನಲ್’ ಎಂಬ ತಳವಿಲ್ಲದ ಗುಂಡಿಗೆ ಸುರಿಯುವ ಸೂಚನೆ ಇರುತ್ತದೆ. ಪರೀಕ್ಷೆ ಮುಗಿಯುವ ತನಕವಾದರೂ ಅದನ್ನು ತೆಗೆದುಹಾಕುವುದು ಅಗತ್ಯ.

ಕೆಲವು ಕೆಲಸಗಳನ್ನು ಹೀಗೆ ಪದೇ ಪದೇ ಓಡಿಸುವುದು ಅಪಾಯಕರ. ಗ್ರಾಹಕರಿಗೆ ಇ-ಮೇಲ್ ಕಳುಹಿಸುವ ಅಥವಾ ಹಳೆಯ ಕಡತಗಳನ್ನು ಅಳಿಸುವ ಸ್ಕ್ರಿಪ್ಟುಗಳಿಗೆ ‘ಏನು ಮಾಡುವೆನೆಂದು ಹೇಳು, ಮಾಡಬೇಡ’ ಎಂಬ ಆಯ್ಕೆಯೊಂದನ್ನು ಬರೆದುಕೊಳ್ಳುವುದು ವಾಡಿಕೆ. ಕಡತಗಳನ್ನು ನಕಲಿಸುವ ‘ಆರ್‌ಸಿಂಕ್’ನಲ್ಲಿ ಈ ಸೌಲಭ್ಯ ಸಿದ್ಧವಾಗಿಯೇ ಇದೆ.

ಮೊದಲ ಸರದಿ ಮುಗಿಯುವ ಮುನ್ನ ಎರಡನೆಯದು ಆರಂಭವಾದರೆ? ಹತ್ತು ನಿಮಿಷಕ್ಕೊಮ್ಮೆ ಓಡಬೇಕಾದ ಸ್ಕ್ರಿಪ್ಟ್ ಜಾಲ ನಿಧಾನವಾದ ದಿನ ಹದಿನೈದು ನಿಮಿಷ ಹಿಡಿದರೆ, ಕ್ರಾನ್ ಯಾವ ಅಳುಕೂ ಇಲ್ಲದೆ ಇನ್ನೊಂದನ್ನು ಆರಂಭಿಸುತ್ತದೆ. ಎರಡೂ ಒಂದೇ ಕಡತಕ್ಕೆ ಬರೆಯುತ್ತ ಕುಳಿತರೆ ಕಡತ ಹಾಳು. ‘ಎಫ್‌ಲಾಕ್’ ಎಂಬ ಪುಟ್ಟ ಸಾಧನ ಒಬ್ಬರು ಒಳಗಿರುವಾಗ ಬಾಗಿಲಿಗೆ ಚಿಲಕ ಹಾಕಿಡುತ್ತದೆ. ಸ್ಕ್ರಿಪ್ಟಿನಲ್ಲಿ ಕೆಲವು ಸೆಕೆಂಡುಗಳ ನಿದ್ರೆ ಸೇರಿಸಿ, ನಿಮಿಷಕ್ಕೊಮ್ಮೆ ಓಡಿಸಿ, ಚಿಲಕ ಕೆಲಸ ಮಾಡುತ್ತಿದೆಯೇ ಎಂದು ನೋಡಿಕೊಳ್ಳಬಹುದು.

20 ಬೈಟಿನ ಬ್ಯಾಕಪ್

ಓಡಿತು ಎಂಬುದಕ್ಕೂ ಯಶಸ್ವಿಯಾಯಿತು ಎಂಬುದಕ್ಕೂ ಇರುವ ವ್ಯತ್ಯಾಸವೇ ಇಡೀ ವಿಷಯದ ತಿರುಳು. ಸರ್ವರಿನ ಲಾಗಿನಲ್ಲಿ ಕ್ರಾನ್ ಬರೆಯುವುದು ಇಂಥ ಹೊತ್ತಿಗೆ ಇಂಥ ಆದೇಶ ಆರಂಭಿಸಿದೆ ಎಂಬುದನ್ನು ಮಾತ್ರ. ಮಾಲೀಕರು ಅದನ್ನೇ ನೋಡಿ ಸಮಾಧಾನಪಡುತ್ತಾರೆ.

ಸಾಮಾನ್ಯ ಉದಾಹರಣೆ ತೆಗೆದುಕೊಳ್ಳಬಹುದು. ಮೈಎಸ್‌ಕ್ಯೂಎಲ್ ಡೇಟಾಬೇಸಿನ ಪ್ರತಿಯನ್ನು ತೆಗೆದು, ಪೈಪ್ ಮೂಲಕ ‘ಜಿಜಿಪ್’ಗೆ ಕೊಟ್ಟು, ಕುಗ್ಗಿಸಿದ ಕಡತವನ್ನು ಉಳಿಸುವ ಒಂದೇ ಸಾಲಿನ ಸ್ಕ್ರಿಪ್ಟ್ ಸಾವಿರಾರು ಸರ್ವರುಗಳಲ್ಲಿದೆ. ಒಂದು ದಿನ ಡೇಟಾಬೇಸಿನ ಗುಪ್ತಪದ ಬದಲಾಗುತ್ತದೆ, ಸ್ಕ್ರಿಪ್ಟಿನಲ್ಲಿ ತಿದ್ದಲು ಮರೆಯುತ್ತದೆ. ಆ ರಾತ್ರಿಯಿಂದ ಪ್ರತಿ ತೆಗೆಯುವ ಭಾಗ ಸೋಲುತ್ತದೆ. ಆದರೆ ಜಿಜಿಪ್ ತನಗೆ ಬಂದ ಶೂನ್ಯವನ್ನೇ ನಿಷ್ಠೆಯಿಂದ ಕುಗ್ಗಿಸಿ 20 ಬೈಟುಗಳ ಕಡತವೊಂದನ್ನು ಬರೆಯುತ್ತದೆ. ಪೈಪಿನ ಕೊನೆಯ ಆದೇಶ ಗೆದ್ದರೆ ಸಾಲು ಗೆದ್ದಂತೆ ಎಂಬುದು ಶೆಲ್‌ನ ಲೆಕ್ಕ. ಎಲ್ಲವೂ ಸುಸೂತ್ರ! ಡೈರೆಕ್ಟರಿಯಲ್ಲಿ ದಿನಕ್ಕೊಂದು ದಿನಾಂಕದ ಕಡತ ಸೇರುತ್ತಲೇ ಹೋಗುತ್ತದೆ.

ಇದಕ್ಕಿಂತ ಕೆಟ್ಟದ್ದು ಎರಡನೆಯ ಸಾಲಿನಲ್ಲಿರುತ್ತದೆ. ಜಾಗ ಉಳಿಸಲೆಂದು ಏಳು ದಿನಕ್ಕಿಂತ ಹಳೆಯ ಪ್ರತಿಗಳನ್ನು ಅಳಿಸುವ ಆದೇಶ ಅದು. ಒಂದು ವಾರ ಕಳೆಯುವಷ್ಟರಲ್ಲಿ ನಿಜವಾದ ಪ್ರತಿಗಳೆಲ್ಲ ಅಳಿದು, ಉಳಿದಿರುವುದು 20 ಬೈಟುಗಳ ಏಳು ಖಾಲಿ ಡಬ್ಬಿಗಳು. ಸ್ಕ್ರಿಪ್ಟ್ ಇಲ್ಲದಿದ್ದರೆ ಹಳೆಯದೊಂದು ಪ್ರತಿಯಾದರೂ ಇರುತ್ತಿತ್ತು.

ಪರಿಹಾರ ಕಷ್ಟದ್ದಲ್ಲ. ಸ್ಕ್ರಿಪ್ಟನ್ನು ಬ್ಯಾಶ್‌ನಲ್ಲಿ ಬರೆದು ‘ಪೈಪ್‌ಫೇಲ್’ ಆಯ್ಕೆಯನ್ನು ಚಾಲೂ ಮಾಡಿದರೆ ಪೈಪಿನ ಯಾವ ಭಾಗ ಸೋತರೂ ಇಡೀ ಸಾಲು ಸೋತಂತೆ ಲೆಕ್ಕ. ಮೊದಲ ಸೋಲಿಗೇ ನಿಲ್ಲುವಂತೆ ಸೂಚಿಸುವುದು, ಹೊಸ ಕಡತದ ಗಾತ್ರ ನೋಡುವುದು, ಗಾತ್ರ ಸಮಂಜಸವಾಗಿದ್ದರೆ ಮಾತ್ರ ಹಳೆಯದನ್ನು ಅಳಿಸುವುದು ಇಷ್ಟನ್ನು ಸೇರಿಸಬೇಕು. ಅನಂತರ ಬೇಕೆಂದೇ ತಪ್ಪು ಗುಪ್ತಪದ ಕೊಟ್ಟು ಓಡಿಸಿ, ಸ್ಕ್ರಿಪ್ಟ್ ಕೂಗಿಕೊಳ್ಳುತ್ತದೆಯೇ ಎಂದು ನೋಡಬೇಕು. ಸೋಲಿನ ಪರೀಕ್ಷೆ ಮಾಡದ ಸ್ಕ್ರಿಪ್ಟನ್ನು ಅರ್ಧ ಪರೀಕ್ಷಿಸಿದಂತೆ ಮಾತ್ರ.

ಕೂಗಿದ್ದು ಯಾರಿಗೆ ಕೇಳಬೇಕು ಎಂಬುದು ಮುಂದಿನ ಪ್ರಶ್ನೆ. ಸ್ಕ್ರಿಪ್ಟ್ ಏನಾದರೂ ಮಾತಾಡಿದರೆ ಅದನ್ನು ಇ-ಮೇಲ್ ಮಾಡುವುದು ಕ್ರಾನ್‌ನ ಹಳೆಯ ಪದ್ಧತಿ. ಸಣ್ಣ ಸರ್ವರುಗಳಲ್ಲಿ ಇ-ಮೇಲ್ ಕಳುಹಿಸುವ ತಂತ್ರಾಂಶವೇ ಇರುವುದಿಲ್ಲ. ಆಗ ಕ್ರಾನ್ ಸಂದೇಶವನ್ನು ಎಸೆದು, ಎಸೆದೆನೆಂದು ಲಾಗಿನಲ್ಲಿ ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತದೆ. ಇ-ಮೇಲ್ ವ್ಯವಸ್ಥೆ ಇದ್ದರೂ ಸಾಲದೆಂಬುದಕ್ಕೆ ಗಿಟ್‌ಲ್ಯಾಬ್ ಪ್ರಕರಣವೇ ಸಾಕ್ಷಿ.

ಹಾಗಾಗಿ ಅನುಭವಿಗಳು ಲೆಕ್ಕವನ್ನು ತಿರುಗಿಸಿ ಹಾಕುತ್ತಾರೆ. ಸೋತಾಗ ಕೂಗುವುದರ ಬದಲು, ಗೆದ್ದಾಗಲೆಲ್ಲ ಸ್ಕ್ರಿಪ್ಟ್ ಹೊರಗಿನ ಸೇವೆಯೊಂದಕ್ಕೆ ‘ನಾನು ಮುಗಿಸಿದೆ’ ಎಂದು ಒಂದು ಸಣ್ಣ ಕರೆ ಕೊಡಬೇಕು. ನಿಗದಿತ ಹೊತ್ತಿಗೆ ಆ ಕರೆ ಬಾರದಿದ್ದರೆ ಸೇವೆಯೇ ಮಾಲೀಕರನ್ನು ಎಚ್ಚರಿಸುತ್ತದೆ. ‘ಹೆಲ್ತ್‌ಚೆಕ್ಸ್’ ಎಂಬ ಮುಕ್ತ ತಂತ್ರಾಂಶ ಇಂಥದ್ದೇ ಕೆಲಸ ಮಾಡುತ್ತದೆ. ಸರ್ವರ್ ಪೂರ್ತಿ ಸತ್ತುಹೋದರೂ ಈ ವ್ಯವಸ್ಥೆ ಎಚ್ಚರಿಸುತ್ತದೆ ಎಂಬುದು ಇದರ ಹೆಚ್ಚುಗಾರಿಕೆ. ಸತ್ತ ಸರ್ವರಿನಿಂದ ಇ-ಮೇಲ್ ಬರಲಾರದಷ್ಟೆ.

ಯಾವ ಊರಿನ ಎರಡೂವರೆ ಗಂಟೆ?

ಬಾಡಿಗೆ ಸರ್ವರುಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿ ಸಮಯದಲ್ಲಿರುತ್ತದೆ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದು. ‘30 2 * * *’ ಎಂದು ಬರೆದು ನಸುಕಿನಲ್ಲಿ ಕೆಲಸ ಮುಗಿಯುತ್ತದೆಂದು ನಂಬಿದವರ ಸ್ಕ್ರಿಪ್ಟ್ ಓಡುವುದು ಬೆಂಗಳೂರಿನ ಬೆಳಗಿನ ಎಂಟಕ್ಕೆ. ನಮ್ಮ ಎರಡೂವರೆ ಬೇಕಿದ್ದರೆ ‘0 21’ ಎಂದು ಬರೆಯಬೇಕು. ಆಗ ದಿನವೂ ಹಿಂದಿನದಾಗಿರುತ್ತದೆ ಎಂಬುದು ನೆನಪಿರಬೇಕು. ನಮ್ಮ ಭಾನುವಾರದ ನಸುಕು ಯುಟಿಸಿಯಲ್ಲಿ ಶನಿವಾರ. ‘ಪ್ರತಿ ತಿಂಗಳ 1ನೇ ತಾರೀಖು’ ಎಂಬ ಕೆಲಸ ಹಿಂದಿನ ತಿಂಗಳ ಕೊನೆಯ ದಿನಕ್ಕೆ ಸರಿಯುತ್ತದೆ. ಅದು 28ನೆಯದೋ 31ನೆಯದೋ ಎಂದು ಐದು ಅಂಕಣಗಳಲ್ಲಿ ಹೇಳುವುದು ಸುಲಭವಲ್ಲ. ಸರ್ವರಿನ ಕಾಲವಲಯವನ್ನೇ ‘ಏಷ್ಯಾ/ಕೋಲ್ಕತಾ’ ಎಂದು ಬದಲಿಸಿ, ಕ್ರಾನ್ ಸೇವೆಯನ್ನು ಮರಳಿ ಆರಂಭಿಸುವುದು ಹಿತ.

ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಸ್ಥಳೀಯ ಸಮಯಕ್ಕೆ ಸರ್ವರ್ ಇಟ್ಟುಕೊಂಡ ಕನ್ನಡಿಗರಿಗೆ ಬೇರೆಯದೇ ಸಮಸ್ಯೆ. ಮಾರ್ಚ್ ತಿಂಗಳ ಎರಡನೇ ಭಾನುವಾರ ಎರಡು ಗಂಟೆಯಿಂದ ಮೂರರವರೆಗಿನ ಒಂದು ಗಂಟೆ ಅಲ್ಲಿ ಇರುವುದೇ ಇಲ್ಲ. ನವೆಂಬರಿನ ಮೊದಲ ಭಾನುವಾರ ಒಂದರಿಂದ ಎರಡರವರೆಗಿನ ಗಂಟೆ ಎರಡು ಬಾರಿ ಬರುತ್ತದೆ. ಮುಖ್ಯ ಕೆಲಸಗಳನ್ನು ಈ ಹೊತ್ತಿನಿಂದ ದೂರವಿಡುವುದೊಳಿತು.

ಮನೆಯ ಸರ್ವರುಗಳಿಗೆ ವಿದ್ಯುತ್ತಿನದೇ ಚಿಂತೆ. ಎರಡೂವರೆಗೆ ಕರೆಂಟ್ ಹೋಗಿ ಮೂರಕ್ಕೆ ಬಂದರೆ ಕ್ರಾನ್ ತಪ್ಪಿದ ಕೆಲಸವನ್ನು ಮತ್ತೆ ಮಾಡುವುದಿಲ್ಲ, ಮರುದಿನದ ತನಕ ಕಾಯುತ್ತದೆ. ‘ಅನಾಕ್ರಾನ್’ ಎಂಬ ಜೊತೆಗಾರ ತಂತ್ರಾಂಶ ಹುಟ್ಟಿದ್ದೇ ಇದಕ್ಕಾಗಿ. ದಿನ, ವಾರ, ತಿಂಗಳ ಕೆಲಸ ತಪ್ಪಿದ್ದರೆ ಯಂತ್ರ ಎದ್ದ ಮೇಲೆ ಅದು ಪೂರೈಸುತ್ತದೆ. ಈಚಿನ ಲಿನಕ್ಸ್‌ಗಳ ‘ಸಿಸ್ಟಮ್‌ಡಿ ಟೈಮರ್’ನಲ್ಲೂ ‘ಪರ್ಸಿಸ್ಟೆಂಟ್’ ಎಂಬ ಆಯ್ಕೆಯಿದೆ. ಬರೆದ ವೇಳಾಪಟ್ಟಿ ಮುಂದೆ ಯಾವಾಗ ಓಡಲಿದೆ ಎಂದು ಮೊದಲೇ ತೋರಿಸುವ ಸೌಲಭ್ಯವೂ ಟೈಮರಿನಲ್ಲಿದೆ. ಹೊಸದಾಗಿ ಆರಂಭಿಸುವವರಿಗೆ ಇದೇ ಅನುಕೂಲವೆನ್ನಬಹುದು, ಆದರೆ ಒಂದು ಸಾಲಿನ ಬದಲು ಎರಡು ಕಡತ ಬರೆಯುವ ತಾಳ್ಮೆ ಬೇಕು.

ರಾಸ್ಪ್‌ಬೆರಿ ಪೈ ಇಟ್ಟುಕೊಂಡವರು ಇನ್ನೂ ಒಂದನ್ನು ಗಮನಿಸಬೇಕು. 2023ರಲ್ಲಿ ಬಂದ ಐದನೇ ಮಾದರಿಗೆ ಮೊದಲಿನವುಗಳಲ್ಲಿ ವಿದ್ಯುತ್ ಇಲ್ಲದಾಗಲೂ ನಡೆಯುವ ಗಡಿಯಾರವಿಲ್ಲ. ಐದನೆಯದರಲ್ಲೂ ಅದಕ್ಕೆ ಬೇರೆ ಬ್ಯಾಟರಿ ಜೋಡಿಸಬೇಕು. ಕರೆಂಟ್ ಬಂದಾಗ ಪೈ ತಾನು ಕೊನೆಯದಾಗಿ ಬರೆದಿಟ್ಟ ಸಮಯದಿಂದಲೇ ಎಣಿಕೆ ಆರಂಭಿಸಿ, ಅಂತರ್ಜಾಲ ಸಿಕ್ಕ ನಂತರ ತಿದ್ದಿಕೊಳ್ಳುತ್ತದೆ. ರೂಟರ್ ಏಳಲು ಕೆಲವು ನಿಮಿಷ ಹಿಡಿದರೆ, ಯಂತ್ರ ಎದ್ದೊಡನೆ ಓಡುವಂತೆ ಬರೆದ ಸ್ಕ್ರಿಪ್ಟ್ ತಪ್ಪು ಸಮಯದಲ್ಲಿ, ಜಾಲವಿಲ್ಲದೆ ಓಡಿ ಸೋಲುತ್ತದೆ. ಇದನ್ನು ಪರೀಕ್ಷಿಸಲು ಒಂದೇ ದಾರಿ: ಮೊದಲು ಪೈಯನ್ನು ಕ್ರಮವಾಗಿ ಮುಚ್ಚಿ, ರೂಟರ್ ಮತ್ತು ಪೈ ಎರಡರ ಪ್ಲಗ್ಗನ್ನೂ ಕಿತ್ತು, ಒಟ್ಟಿಗೆ ಮತ್ತೆ ಹಾಕಿ ನೋಡುವುದು.

ಮರಳಿ ತೆರೆದು ನೋಡುವ ದಿನ

ಇಷ್ಟೆಲ್ಲ ಆದರೂ ಸಿಕ್ಕಿರುವುದು ನಿಗದಿತ ಹೊತ್ತಿಗೆ ಬರುವ, ಸಮಂಜಸ ಗಾತ್ರದ ಒಂದು ಕಡತ. ಅದರಿಂದ ಡೇಟಾಬೇಸ್ ಮರಳಿ ಕಟ್ಟಲು ಬರುತ್ತದೆಯೇ ಎಂಬುದು ಕಟ್ಟಿ ನೋಡುವ ತನಕ ತಿಳಿಯದು. ತಿಂಗಳಿಗೊಮ್ಮೆ ಹೊಸ ಪ್ರತಿಯನ್ನು ಖಾಲಿ ಡೇಟಾಬೇಸೊಂದಕ್ಕೆ ತುಂಬಿ, ಕೊನೆಯ ದಿನದ ನಮೂದು ಕಾಣುತ್ತದೆಯೇ ಎಂದು ನೋಡುವುದು ಅರ್ಧ ಗಂಟೆಯ ಕೆಲಸ. ಛಾಯಾಚಿತ್ರಗಳಾದರೆ ಹತ್ತಾರನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿದರೆ ಸಾಕು. ಪ್ರತಿ ಅದೇ ಸರ್ವರಿನ ಅದೇ ಡಿಸ್ಕಿನಲ್ಲಿದ್ದರೆ ಡಿಸ್ಕ್ ಹೋದಾಗ ಎರಡೂ ಹೋಗುತ್ತವೆ. ಆದ್ದರಿಂದ ಈ ಪರೀಕ್ಷೆಯನ್ನು ಬೇರೆಡೆ ಇಟ್ಟಿರುವ ಪ್ರತಿಯಿಂದಲೇ ನಡೆಸಬೇಕು.

ಆ ಪ್ರತಿಯನ್ನು ಗೂಢಲಿಪಿಯಲ್ಲಿ ಇಟ್ಟಿದ್ದರೆ ಅದರ ಕೀಲಿ ಎಲ್ಲಿದೆ ಎಂಬುದನ್ನೂ ಅದೇ ದಿನ ನೋಡಿಕೊಳ್ಳಬೇಕಾಗುತ್ತದೆ. ಅನೇಕರ ವಿಷಯದಲ್ಲಿ ಅದು ಇರುವುದು ಆ ಸರ್ವರಿನೊಳಗೆ ಮಾತ್ರ.